ಗೋಡೆಗೆ ತೂಗಿದ ಹಸಿರು

ನಾನು ಬ್ಯಾಡಗಿ ತಾಲೂಕಿನ ಕದರಮಂಡಲಗಿಯವನು. ನಮ್ಮ ಊರಿನ ಹೆಸರು ಕೇಳಿದೊಡನೆ ಭಕ್ತರಿಗೆ ಕಾಂತೇಶನ ನೆನಪಾಗುತ್ತದೆ; ಉಳಿದವರಿಗೆ ಹತ್ತಿರದ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ನೆನಪಾಗುತ್ತದೆ. ಆ ಪೇಟೆಯಲ್ಲಿ ಚಿಕ್ಕಂದಿನಿಂದ ಅಡ್ಡಾಡಿದವನಿಗೆ ಒಂದು ಪಾಠ ತಾನಾಗಿಯೇ ಬರುತ್ತದೆ. ಕೊಳ್ಳುವವನು ಚೀಲದ ಮೇಲಿನ ಹೆಸರನ್ನು ನಂಬುವುದಿಲ್ಲ. ಮೊಳಕೈವರೆಗೆ ಚೀಲದೊಳಗೆ ಕೈ ಹಾಕಿ, ತಳದಿಂದ ಒಂದು ಕಾಯಿ ತೆಗೆದು, ಮುರಿದು, ಬೆರಳಿಗೆ ಹತ್ತಿದ ಬಣ್ಣವನ್ನು ನೋಡುತ್ತಾನೆ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆಯಿತು. ಸಂತೋಷದ ಮಾತೇ. ಆದರೆ ಆ ಮನ್ನಣೆ ಬಂದಿತೆಂದು ಯಾವ ವ್ಯಾಪಾರಿಯೂ ಕಾಯಿ ಮುರಿದು ನೋಡುವುದನ್ನು ಬಿಡಲಿಲ್ಲ. ಹೆಸರು ಬೇರೆ, ಸರಕು ಬೇರೆ ಎಂಬುದನ್ನು ಅವನು ಬಲ್ಲ.

ಅಕ್ಷರ ಬಲ್ಲವರಾದ ನಾವು, ಕಾಲೇಜು ವಿಶ್ವವಿದ್ಯಾಲಯಗಳವರು, ಪೇಟೆಯ ಈ ಸಾದಾ ವಿವೇಕವನ್ನು ಮರೆತಿದ್ದೇವೆ ಎಂಬುದೇ ನನ್ನ ತಕರಾರು. ಈಚಿನ ವರುಷಗಳಲ್ಲಿ ಯಾವ ವಿದ್ಯಾಸಂಸ್ಥೆಯ ಬಾಗಿಲಿಗೆ ಹೋದರೂ ಒಂದು ಚೌಕಟ್ಟು ಕಣ್ಣಿಗೆ ಬೀಳುತ್ತದೆ: ‘ಹಸಿರು ಆವರಣ’, ‘ಹಸಿರು ಕಟ್ಟಡ’, ಅದಕ್ಕೊಂದು ಮುದ್ರೆ, ಅದರ ಕೆಳಗೊಂದು ಸಹಿ. ಚೌಕಟ್ಟಿನ ಹಿಂದಿನ ಗೋಡೆ ಬೇಸಗೆಯಲ್ಲಿ ಎಷ್ಟು ಕಾಯುತ್ತದೆ, ಆ ಗೋಡೆಯೊಳಗೆ ಎಷ್ಟು ವಿದ್ಯುತ್ತು ಖರ್ಚಾಗುತ್ತದೆ ಎಂದು ಕೇಳುವವರಿಲ್ಲ.

ವಾಚಕರು ತಪ್ಪು ತಿಳಿಯಬಾರದು. ನಾನು ಹಸಿರಿನ ವೈರಿಯಲ್ಲ. ಅಳತೆಗೋಲಿನ ವೈರಿಯೂ ಅಲ್ಲ. ಈ ಪ್ರಮಾಣಪತ್ರಗಳ ಹುಟ್ಟು ಒಳ್ಳೆಯ ಉದ್ದೇಶದಿಂದಲೇ ಆದದ್ದು. ಅಮೆರಿಕೆಯಲ್ಲಿ 1993ರಲ್ಲಿ ಹಸಿರು ಕಟ್ಟಡಗಳ ಮಂಡಳಿಯೊಂದು ಸ್ಥಾಪನೆಯಾಯಿತು; ಅದು ಮುಂದೆ ‘ಲೀಡ್’ ಎಂಬ ಅಂಕಪದ್ಧತಿಯನ್ನು ಹೊರತಂದಿತು. ನಮ್ಮಲ್ಲಿ 2001ರಲ್ಲಿ ಭಾರತೀಯ ಕೈಗಾರಿಕಾ ಒಕ್ಕೂಟದ ಆಶ್ರಯದಲ್ಲಿ ಇಂಥದೇ ಮಂಡಳಿ ಹುಟ್ಟಿತು. ಹೈದರಾಬಾದಿನಲ್ಲಿ ಆ ಒಕ್ಕೂಟವು ಕಟ್ಟಿಸಿದ ಕೇಂದ್ರಕ್ಕೆ 2003ರಲ್ಲಿ ಲೀಡಿನ ಅತ್ಯುನ್ನತ ದರ್ಜೆಯಾದ ‘ಪ್ಲಾಟಿನಂ’ ದೊರೆಯಿತು. ಅಮೆರಿಕೆಯ ಹೊರಗೆ ಆ ದರ್ಜೆ ಪಡೆದ ಮೊದಲ ಕಟ್ಟಡ ಅದು. 2007ರ ಸುಮಾರಿಗೆ ಟೇರಿ ಸಂಸ್ಥೆಯೂ ಕೇಂದ್ರದ ನವೀಕರಿಸಬಹುದಾದ ಇಂಧನಗಳ ಸಚಿವಾಲಯವೂ ಕೂಡಿ, ನಮ್ಮ ಹವೆಗೆ ಹೊಂದುವಂತೆ ‘ಗೃಹ’ ಎಂಬ ನಕ್ಷತ್ರಪದ್ಧತಿಯನ್ನು ರೂಪಿಸಿದವು. ಒಂದರಿಂದ ಐದು ನಕ್ಷತ್ರ.

ಲೀಡಿನ ಲೆಕ್ಕ ಪರೀಕ್ಷೆಯ ಅಂಕಗಳಂತೆಯೇ ಇದೆ. ಒಟ್ಟು 110 ಅಂಕ. ನಲವತ್ತು ಬಂದರೆ ತೇರ್ಗಡೆ, ಐವತ್ತಕ್ಕೆ ಬೆಳ್ಳಿ, ಅರವತ್ತಕ್ಕೆ ಚಿನ್ನ, ಎಂಬತ್ತಕ್ಕೆ ಪ್ಲಾಟಿನಂ. 2013ರಲ್ಲಿ ಬಂದ ನಾಲ್ಕನೆಯ ಆವೃತ್ತಿಯಲ್ಲಿ ಹೊಸ ಕಟ್ಟಡವು ಶಕ್ತಿಯ ಮಿತವ್ಯಯಕ್ಕೆ ಹದಿನೆಂಟು ಅಂಕಗಳವರೆಗೆ ಗಳಿಸಬಹುದಿತ್ತು. ಸೈಕಲ್ಲುಗಳಿಗೆ ತಕ್ಕ ಅನುಕೂಲ ಮಾಡಿದರೆ ಒಂದು ಅಂಕ. ಸೈಕಲ್ ಸ್ಟ್ಯಾಂಡಿನಲ್ಲಿ ತಪ್ಪೇನಿಲ್ಲ. ಆದರೆ ಸೈಕಲ್ಲು ಬಂದಿತೇ ಇಲ್ಲವೇ ಎಂಬುದು ಬೇರೆ ಪ್ರಶ್ನೆ. ಅಂಕ ಸ್ಟ್ಯಾಂಡಿಗೆ, ಸವಾರನಿಗಲ್ಲ. ನನ್ನ ತಕರಾರಿನ ತಿರುಳೆಲ್ಲ ಈ ಒಂದು ಮಾತಿನಲ್ಲಿದೆ.

ಕಾಲೇಜುಗಳ ಮಟ್ಟಿಗೆ ಈ ಗಾಳಿ ಇನ್ನೊಂದು ಕಿಟಕಿಯಿಂದಲೂ ಬೀಸಿತು. 1994ರಲ್ಲಿ ಸ್ಥಾಪನೆಯಾದ, ಬೆಂಗಳೂರಿನಲ್ಲಿ ಕಚೇರಿಯುಳ್ಳ ನ್ಯಾಕ್ ಮಂಡಳಿ 2017ರಲ್ಲಿ ತನ್ನ ಮೌಲ್ಯಮಾಪನ ಪದ್ಧತಿಯನ್ನು ತಿದ್ದಿತು. ಅದರ ಏಳನೆಯ ಮಾನದಂಡದಲ್ಲಿ ಪರಿಸರ, ನೀರು, ವಿದ್ಯುತ್ತು, ಗ್ರೀನ್ ಆಡಿಟ್ ಇವೆಲ್ಲ ಸೇರಿಕೊಂಡವು. ಸೇರಿದ್ದು ಸರಿಯೇ. ಆದರೆ ನಾವು ಅದನ್ನು ಹೇಗೆ ಪಾಲಿಸಿದೆವು ಎಂಬುದನ್ನು ಈಗ ಹೇಳುತ್ತೇನೆ. ಯಾವ ಕಾಲೇಜೆಂದು ಹೇಳಲಾರೆ. ಹೇಳಬೇಕಾಗಿಯೂ ಇಲ್ಲ, ಓದುವ ಅಧ್ಯಾಪಕರಲ್ಲಿ ಅನೇಕರಿಗೆ ಅದು ತಮ್ಮದೇ ಕಾಲೇಜೆಂದು ತೋರೀತು.

ಹಸಿರು ಸಮಿತಿಗೆ ನನ್ನನ್ನು ಹಾಕಿದರು. ಕನ್ನಡದ ಅಧ್ಯಾಪಕನಿಗೆ ಅಲ್ಲೇನು ಕೆಲಸವೆಂದು ಕೇಳಿದೆ. ‘ನಿಮಗೆ ಬರವಣಿಗೆ ಬರತದಲ್ಲರೀ’ ಎಂದರು. ಅಂದರೆ, ಕೆಲಸ ಆಗುವುದು ಬರವಣಿಗೆಯಲ್ಲಿ ಎಂಬುದು ಮೊದಲೇ ನಿಶ್ಚಯವಾಗಿತ್ತು. ಅದು 2023, ಬರಗಾಲದ ವರುಷ. ಸುತ್ತಣ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಕೊಡ ಹಿಡಿದು ಸರತಿಯಲ್ಲಿ ನಿಂತಿದ್ದಾಗ ನಮ್ಮ ಆವರಣದ ಹುಲ್ಲುಹಾಸಿಗೆ ಟ್ಯಾಂಕರಿನಿಂದ ನೀರು ಹಾಯಿಸಿದೆವು, ಫೋಟೋದಲ್ಲಿ ಹಸಿರು ಕಾಣಬೇಕೆಂದು. ಹಿಂದಿನ ವರುಷ ಜೂನ್ 5ರಂದು ಸಸಿ ನೆಟ್ಟ ಗುಂಡಿಗಳಲ್ಲಿಯೇ ಆ ವರುಷವೂ ಸಸಿ ನೆಟ್ಟೆವು. ಹಳೆಯವು ಒಣಗಿ ಜಾಗ ತೆರವಾಗಿತ್ತು. ವರದಿಯಲ್ಲಿ ಎರಡೂ ವರುಷದ ಸಸಿಗಳು ಕೂಡಿ ಸಂಖ್ಯೆ ದೊಡ್ಡದಾಯಿತು.

ಗ್ರಂಥಾಲಯದ ಛಾವಣಿಯಿಂದ ಒಂದು ಕೊಳವೆ ಇಳಿಸಿ, ಕೆಳಗೆ ‘ಮಳೆನೀರು ಕೊಯ್ಲು ಘಟಕ’ ಎಂದು ಹಲಗೆ ಬರೆಯಿಸಿದ್ದರು. ಘಟಕದ ಬಗ್ಗೆ ಎಂಟು ಸಾಲು ಬರೆದವನು ನಾನು. ಒಳ್ಳೆಯ ಕನ್ನಡ, ಅದನ್ನೇ ಇಂಗ್ಲಿಷಿಗೆ ಅನುವಾದಿಸಿಕೊಂಡರು. ಬಂದವರು ನೋಡಿದರು, ತಲೆಯಾಡಿಸಿದರು, ಹೋದರು. ಮರುವಾರ ಬಿ.ಎ. ತರಗತಿಯ ಹುಡುಗನೊಬ್ಬ ನನ್ನನ್ನು ಕಾರಿಡಾರಿನಲ್ಲಿ ನಿಲ್ಲಿಸಿ ಕೇಳಿದ: ‘ಸರ, ಆ ಪೈಪು ಕೆಳಗ ಎಲ್ಲಿಗಿ ಹೋಗತೈತ್ರಿ?’ ನಾನು ಹೋಗಿ ನೋಡಿದೆ. ಕೊಳವೆ ನೆಲದೊಳಗೆ ಒಂದು ಗೇಣು ಇಳಿದು ನಿಂತಿತ್ತು. ತೊಟ್ಟಿ ಇರಲಿಲ್ಲ. ಒಕ್ಕಲುತನದ ಮನೆಯ ಹುಡುಗ. ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂದು ನೋಡುವುದು ಅವನಿಗೆ ರೂಢಿ. ‘ನೋಡೋಣ ತಮ್ಮಾ’ ಎಂದೆ. ಅದಕ್ಕಿಂತ ನಾಚಿಕೆಯ ಉತ್ತರವನ್ನು ನನ್ನ ಇಪ್ಪತ್ತು ವರುಷದ ಅಧ್ಯಾಪನದಲ್ಲಿ ನಾನು ಕೊಟ್ಟಿಲ್ಲ.

ಇದು ಒಂದು ಕಾಲೇಜಿನ ಸಣ್ಣತನ, ಇದರಿಂದ ಒಂದು ಪದ್ಧತಿಯನ್ನೇ ಹಳಿಯುವುದು ನ್ಯಾಯವೇ ಎಂದು ಕೇಳಬಹುದು. ಸರಿಯಾದ ಪ್ರಶ್ನೆ. ನಮ್ಮದು ಅಗ್ಗದ ಸೋಗು; ಜಗತ್ತಿನ ದೊಡ್ಡ ಪ್ರಮಾಣಪತ್ರಗಳು ಇಂಥವಲ್ಲ. ಅವುಗಳ ಪರೀಕ್ಷಕರು ನಕಾಶೆ ನೋಡುತ್ತಾರೆ, ಸಾಮಗ್ರಿಯ ಪಟ್ಟಿ ನೋಡುತ್ತಾರೆ, ಗಣಕಯಂತ್ರದಲ್ಲಿ ಲೆಕ್ಕ ಹಾಕುತ್ತಾರೆ. ಆದರೆ ಹೊಸ ಕಟ್ಟಡಕ್ಕೆ ಕೊಡುವ ಪತ್ರದಲ್ಲಿ ಅವರು ಬಹುಮಟ್ಟಿಗೆ ಅಳೆಯುವುದು ಕಟ್ಟಡ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು. ಹೇಗೆ ನಡೆದುಕೊಂಡಿತು ಎಂಬುದನ್ನಲ್ಲ. ಮದುವೆಯ ದಿನವೇ ದಾಂಪತ್ಯಕ್ಕೆ ಅಂಕ ಕೊಟ್ಟಂತೆ.

ಇದು ನನ್ನ ಬಾಯಿಮಾತಲ್ಲ. ಅಮೆರಿಕೆಯ ಓಬರ್ಲಿನ್ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದ ಜಾನ್ ಸ್ಕೋಫೀಲ್ಡ್ ಎಂಬ ಪ್ರಾಧ್ಯಾಪಕರು ನ್ಯೂಯಾರ್ಕ್ ನಗರದ 953 ಕಚೇರಿ ಕಟ್ಟಡಗಳು 2011ರಲ್ಲಿ ಬಳಸಿದ ಶಕ್ತಿಯ ಲೆಕ್ಕವನ್ನು ತೆಗೆದುಕೊಂಡು, ಅವುಗಳಲ್ಲಿ ಲೀಡ್ ಪತ್ರ ಪಡೆದ 21 ಕಟ್ಟಡಗಳನ್ನು ಉಳಿದವುಗಳೊಡನೆ ತೂಗಿ ನೋಡಿದರು. 2013ರಲ್ಲಿ ಫಲಿತಾಂಶ ಪ್ರಕಟವಾಯಿತು. ಒಟ್ಟಿನಲ್ಲಿ ಪತ್ರವುಳ್ಳವು ಪತ್ರವಿಲ್ಲದವುಗಳಿಗಿಂತ ಕಡಿಮೆ ಶಕ್ತಿಯನ್ನೇನೂ ಬಳಸಿರಲಿಲ್ಲ. ಚಿನ್ನದ ದರ್ಜೆಯವು ಸುಮಾರು ಶೇಕಡಾ 20ರಷ್ಟು ಉಳಿಸಿದ್ದವು. ಅದಕ್ಕಿಂತ ಕೆಳಗಿನ ದರ್ಜೆಯವು ಸಾಮಾನ್ಯ ಕಟ್ಟಡಗಳಿಗಿಂತಲೂ ಹೆಚ್ಚು ನುಂಗಿದ್ದವು. ಕಟ್ಟುವಾಗ ಕೊಟ್ಟ ಮಾತು, ಬಾಳುವಾಗ ನಡೆಸಿದ ಮಾತು ಎರಡೂ ಒಂದೇ ಅಲ್ಲ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಇದಕ್ಕೆ ವಿರುದ್ಧವಾದ ಒಳ್ಳೆಯ ಉದಾಹರಣೆಯೂ ಉಂಟು. ನಮ್ಮ ಕನ್ನಡನಾಡಿನಲ್ಲಿ ಬೆಳೆದ ಇನ್ಫೋಸಿಸ್ ಕಂಪನಿಯವರು ಹೈದರಾಬಾದಿನ ಹತ್ತಿರದ ಪೋಚಾರಂನಲ್ಲಿ ಒಂದು ಕಟ್ಟಡವನ್ನು ಎರಡು ಸಮಭಾಗ ಮಾಡಿ, ಅರ್ಧಕ್ಕೆ ವಾಡಿಕೆಯ ಹವಾನಿಯಂತ್ರಣವನ್ನೂ ಉಳಿದರ್ಧಕ್ಕೆ ಚಪ್ಪಡಿಯೊಳಗಿನ ಕೊಳವೆಗಳಲ್ಲಿ ತಣ್ಣೀರು ಹರಿಸುವ ಪದ್ಧತಿಯನ್ನೂ ಅಳವಡಿಸಿದರು. ಎರಡಕ್ಕೂ ಬೇರೆ ಬೇರೆ ಮೀಟರು ಇಟ್ಟು ಲೆಕ್ಕ ಬರೆದರು. ತಣ್ಣೀರಿನ ಪದ್ಧತಿ ಮೂರರಲ್ಲೊಂದು ಪಾಲು ಶಕ್ತಿಯನ್ನು ಉಳಿಸಿತೆಂದು 2014ರಲ್ಲಿ ಅಂಕಿ ಸಮೇತ ಪ್ರಕಟಿಸಿದರು. ಇದು ಕಾಯಿ ಮುರಿದು ನೋಡುವ ರೀತಿ. ಇಲ್ಲಿ ಮಾತನಾಡಿದ್ದು ಮೀಟರು.

ನನ್ನ ಎರಡನೆಯ ತಕರಾರು ಇನ್ನೂ ಆಳವಾದದ್ದು. ಈ ಪತ್ರಗಳ ಭರಾಟೆಯಲ್ಲಿ ‘ಹಸಿರು’ ಎಂದರೆ ಹೊಸದಾಗಿ ಕೊಳ್ಳುವ ವಸ್ತು ಎಂಬ ಭಾವನೆ ಬೇರೂರುತ್ತಿದೆ: ವಿಶೇಷ ಗಾಜು, ವಿಶೇಷ ಬಣ್ಣ, ವಿಶೇಷ ಯಂತ್ರ. ಬಿಸಿಲಿನ ನಾಡಿನಲ್ಲಿ ಗಾಜಿನ ಮುಖದ ಕಟ್ಟಡ ಎಬ್ಬಿಸಿ, ಆಮೇಲೆ ಅದನ್ನು ತಂಪು ಮಾಡುವ ಯಂತ್ರದಲ್ಲಿ ಮಿತವ್ಯಯ ಸಾಧಿಸಿ ಅಂಕ ಗಳಿಸುವುದು, ಗಾಯ ಮಾಡಿ ಮುಲಾಮಿಗೆ ಬಹುಮಾನ ಪಡೆದಂತೆ. ಗಾಯವನ್ನೇ ಮಾಡದವನಿಗೆ ಬಹುಮಾನವಿಲ್ಲ. ಅವನು ಶುಲ್ಕ ಕಟ್ಟಿ ಅರ್ಜಿ ಹಾಕಿಲ್ಲ.

ಅರ್ಜಿ ಹಾಕದವರು ನಮ್ಮಲ್ಲಿ ಯಾರಿದ್ದಾರೆ ನೋಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ‘ಅಸ್ತ್ರ’ ಎಂಬ ಕೇಂದ್ರವನ್ನು ಆರಂಭಿಸಿದರು. ನಮ್ಮ ತಾಯಂದಿರು ಅಸ್ತ್ರ ಒಲೆಯ ಹೆಸರಿನಿಂದ ಅದನ್ನು ಬಲ್ಲರು. ಅಲ್ಲಿ ಕೆ. ಎಸ್. ಜಗದೀಶರೂ ಅವರ ಸಂಗಡಿಗರೂ ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಭಟ್ಟಿಯಲ್ಲಿ ಸುಡದೆಯೇ ಗಟ್ಟಿಯಾಗುವ ಇಟ್ಟಿಗೆಯನ್ನು ಹದಕ್ಕೆ ತಂದರು. ಸೌದೆ ಉಳಿಯಿತು, ಸಾಗಾಟ ಉಳಿಯಿತು, ಊರ ಮಣ್ಣಿಗೆ ಮರ್ಯಾದೆ ಬಂದಿತು. ಲೀಡ್ ಆಗ ಹುಟ್ಟಿರಲಿಲ್ಲ. ಬಾಲಕೃಷ್ಣ ದೋಶಿಯವರು ಬೆಂಗಳೂರಿನ ಐಐಎಂ ಆವರಣವನ್ನು ಕಲ್ಲಿನ ಗೋಡೆ, ಗಾಳಿಯಾಡುವ ಎತ್ತರದ ಓಣಿಗಳು, ಬಿಸಿಲನ್ನು ಜರಡಿ ಹಿಡಿಯುವ ಚಪ್ಪರಗಳಿಂದ ರೂಪಿಸಿದಾಗಲೂ ಹುಟ್ಟಿರಲಿಲ್ಲ. 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಆ ಸೀಮೆಯ ಕಲ್ಲಿನಲ್ಲಿಯೇ ತನ್ನ ಮನೆಗಳನ್ನು ಕಟ್ಟಿಕೊಂಡಿತು. ಇವರಾರೂ ಅಂಕಕ್ಕಾಗಿ ಕಟ್ಟಲಿಲ್ಲ. ನೆಲವನ್ನೂ ಹವೆಯನ್ನೂ ನೋಡಿ ಕಟ್ಟಿದರು.

ಕದರಮಂಡಲಗಿಯ ನಮ್ಮ ಹಳೆಯ ಮನೆಯ ಗೋಡೆ ಒಂದೂವರೆ ಮೊಳ ದಪ್ಪದ ಮಣ್ಣಿನದು. ಏಪ್ರಿಲ್ ತಿಂಗಳ ಮಧ್ಯಾಹ್ನ ಪಡಸಾಲೆಯಲ್ಲಿ ಮಲಗಿದರೆ ಫ್ಯಾನು ಬೇಕೆನಿಸದು. ಆದರೆ ಹಳೆಯದೆಲ್ಲ ಹೊನ್ನೆಂದು ನಾನು ಹಾಡಲು ಹೊರಟಿಲ್ಲ. ಆ ಮನೆಯಲ್ಲಿ ಬೆಳಕು ಕಡಿಮೆ, ಒಲೆಯ ಹೊಗೆ ಹೆಚ್ಚು; ಮಳೆಗಾಲ ಬಂದಿತೆಂದರೆ ಸೋರುವ ಮಾಳಿಗೆಯ ಚಿಂತೆ; ಬಚ್ಚಲಿಗೆ ನೀರು ಹೊತ್ತವರು ನನ್ನ ಅವ್ವ, ಅಕ್ಕಂದಿರು. ಅಲ್ಲಿಗೆ ಮರಳಿ ಹೋಗಿರೆಂದು ಯಾರಿಗೂ ಹೇಳಲಾರೆ. ನಾನು ಹೇಳುವುದಿಷ್ಟೆ: ಆ ಗೋಡೆ ಕಟ್ಟಿದ ಗೌಂಡಿಗೆ ಬಿಸಿಲು ಯಾವ ಕಡೆಯಿಂದ ಬರುತ್ತದೆಂದು ಗೊತ್ತಿತ್ತು. ನಮ್ಮ ಕಾಲೇಜಿನ ಹೊಸ ವಿಭಾಗದ ಪಶ್ಚಿಮಕ್ಕೆ ಅಗಲವಾದ ಗಾಜು ಇಟ್ಟವರಿಗೆ ಅದು ಗೊತ್ತಿದ್ದಂತಿಲ್ಲ. ಅಲ್ಲಿ ಮೂರು ಗಂಟೆಯ ಮೇಲೆ ಪಾಠ ಮಾಡಲಾಗದು. ಪರದೆ ಎಳೆದು, ಹಗಲಿನಲ್ಲಿಯೇ ದೀಪ ಹಚ್ಚಿ, ಫ್ಯಾನು ತಿರುಗಿಸಿ ಕೂಡುತ್ತೇವೆ. ಆ ದೀಪಗಳು ಎಲ್‌ಇಡಿ ಎಂಬುದಕ್ಕೆ ವರದಿಯಲ್ಲಿ ಒಂದು ಪ್ಯಾರಾ ಉಂಟು. ಅದನ್ನು ಬರೆದವನೂ ನಾನೇ.

ಪ್ರಮಾಣಪತ್ರದ ಪಕ್ಷ ವಹಿಸುವವರ ಗಟ್ಟಿಯಾದ ವಾದ ಒಂದಿದೆ. ‘ಹೊರಗಿನವರು ಬಂದು ಪರೀಕ್ಷೆ ಮಾಡದಿದ್ದರೆ ನೀವು ಅಷ್ಟನ್ನೂ ಮಾಡುವುದಿಲ್ಲ. ಪತ್ರದ ಆಸೆಯಿಂದಲಾದರೂ ಒಂದು ಸೌರಫಲಕ ಬರುತ್ತದೆ, ಒಂದು ನಲ್ಲಿ ದುರಸ್ತಿಯಾಗುತ್ತದೆ’ ಎಂದು ಅವರು ಹೇಳುತ್ತಾರೆ. ಇದರಲ್ಲಿ ದಿಟವಿದೆ. ಪರೀಕ್ಷೆಯಿಲ್ಲದಿದ್ದರೆ ಓದದ ಹುಡುಗರು ಎಷ್ಟೋ ಮಂದಿ. ಆದರೆ ಪರೀಕ್ಷೆಯ ಹಿಂದಿನ ರಾತ್ರಿ ಗೈಡು ಓದಿ ತೇರ್ಗಡೆಯಾದವನನ್ನು ನಾವು ಪಂಡಿತನೆನ್ನುವುದಿಲ್ಲವಷ್ಟೆ? ಹೊರಗಿನ ಪರೀಕ್ಷೆ ಬೇಕೇ ಬೇಕೆಂದಾದರೆ, ಬಳಕೆಯಲ್ಲಿರುವ ಕಟ್ಟಡಗಳಿಗೆಂದೇ ಲೀಡ್, ಭಾರತೀಯ ಮಂಡಳಿ, ಗೃಹ ಈ ಮೂರರಲ್ಲಿಯೂ ಬೇರೆ ಶ್ರೇಣಿಗಳಿವೆ. ಕಟ್ಟುವ ಮಾತಿಗೂ ಬಾಳುವ ಮಾತಿಗೂ ಅಂತರವಿದೆಯೆಂಬುದನ್ನು ಆ ಮಂಡಳಿಗಳೇ ಬಲ್ಲವು. ಹೊಸ ಕಟ್ಟಡದ ಉದ್ಘಾಟನೆಯ ದಿನ ಚೌಕಟ್ಟು ತೂಗುವ ಆತುರ ನಮ್ಮದು.

ಹಾಗಾದರೆ ಏನು ಮಾಡಬೇಕು? ಖರ್ಚಿಲ್ಲದ ಒಂದು ಉಪಾಯ ಹೇಳುತ್ತೇನೆ. ಪ್ರತಿಯೊಂದು ಕಾಲೇಜೂ ವಿಶ್ವವಿದ್ಯಾಲಯವೂ ತನ್ನ ಬಾಗಿಲಲ್ಲಿ ಒಂದು ಕರಿಹಲಗೆ ಇಡಲಿ. ತಿಂಗಳ ಮೊದಲ ವಾರದಲ್ಲಿ ಅದರ ಮೇಲೆ ಐದು ಅಂಕಿ ಬರೆಯಲಿ: ಹೋದ ತಿಂಗಳು ಸುಟ್ಟ ವಿದ್ಯುತ್ತು ಎಷ್ಟು ಯೂನಿಟ್ಟು, ವಿದ್ಯಾರ್ಥಿಗೆ ಎಷ್ಟು ಬಿದ್ದಿತು, ಕೊಳವೆಬಾವಿಯಿಂದಲೂ ಟ್ಯಾಂಕರಿನಿಂದಲೂ ಬಂದ ನೀರು ಎಷ್ಟು ಲೀಟರು, ಹೊರಗೆ ಹಾಕಿದ ಕಸ ಎಷ್ಟು ಕಿಲೋ, ಮೂರು ವರುಷದ ಹಿಂದೆ ನೆಟ್ಟ ಸಸಿಗಳಲ್ಲಿ ಜೀವಂತ ಉಳಿದವು ಎಷ್ಟು. ಪಕ್ಕದಲ್ಲಿ ಹಿಂದಿನ ವರುಷದ ಅದೇ ತಿಂಗಳ ಅಂಕಿ. ಬರೆಯುವವರು ವಿದ್ಯಾರ್ಥಿಗಳಾಗಲಿ, ಮೀಟರು ಓದಲು ಎಂ.ಎ. ಬೇಕಿಲ್ಲ. ಅಂಕಿ ಕೆಟ್ಟದ್ದಿದ್ದರೆ ನಾಚಿಕೆಯಾಗಲಿ. ಆ ನಾಚಿಕೆಯಿಂದಲೇ ನಲ್ಲಿ ದುರಸ್ತಿಯಾಗುತ್ತದೆ. ಹಲಗೆಗೆ ಸುಳ್ಳು ಬರೆಯುವುದು ಕಷ್ಟ, ಏಕೆಂದರೆ ಅದನ್ನು ಓದುವವರು ಅದೇ ಆವರಣದಲ್ಲಿ ಬದುಕುವವರು. ವರದಿಗೆ ಸುಳ್ಳು ಬರೆಯುವುದು ಸುಲಭ. ಓದುವವರು ಮಧ್ಯಾಹ್ನದ ಊಟ ಮುಗಿಸಿ ಊರಿಗೆ ಹೋಗುತ್ತಾರೆ.

ಈ ಮಾತನ್ನು ಈಗ ಒತ್ತಿ ಹೇಳಲು ಕಾರಣವುಂಟು. ನಮ್ಮ ಜಿಲ್ಲೆಗೆ ಒಂದು ವಿಶ್ವವಿದ್ಯಾಲಯ ಬಂದಿತು. ಕೆರಿಮತ್ತಿಹಳ್ಳಿಯಲ್ಲಿದ್ದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವೇ 2023ರ ಮಾರ್ಚಿನಲ್ಲಿ ಹಾವೇರಿ ವಿಶ್ವವಿದ್ಯಾಲಯವಾಗಿ ಉದ್ಘಾಟನೆಗೊಂಡಿತು. ಎರಡು ವರುಷ ತುಂಬುವುದರೊಳಗೆ, 2025ರ ಫೆಬ್ರವರಿಯಲ್ಲಿ, ಸಚಿವ ಸಂಪುಟದ ಉಪಸಮಿತಿಯೊಂದು ಹಾವೇರಿಯನ್ನೂ ಸೇರಿಸಿ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ಶಿಫಾರಸು ಮಾಡಿತು. ಹಣವಿಲ್ಲ, ನೆಲವಿಲ್ಲ, ಅಧ್ಯಾಪಕರಿಲ್ಲ ಎಂಬುದು ಚರ್ಚೆಯಲ್ಲಿ ಕೇಳಿಬಂದ ಕಾರಣ. ಬಡತನವೇ ಆರೋಪವಾಗಿ ನಿಂತ ಇಂಥ ಸಂಸ್ಥೆಗಳಿಗೆ ದೊಡ್ಡ ಊರಿನ ಸಲಹೆಗಾರರು ಹಸಿರು ಪತ್ರದ ಆಸೆ ತೋರಿಸಿದರೆ, ನೋಂದಣಿಗೊಂದು ಶುಲ್ಕ, ಪರಿಶೀಲನೆಗೊಂದು ಶುಲ್ಕ, ಸಲಹೆಗೊಂದು ಶುಲ್ಕ ತೆತ್ತು ಅದನ್ನು ಕೊಳ್ಳಬಾರದು. ಆ ಹಣದಲ್ಲಿ ಒಬ್ಬ ಅಧ್ಯಾಪಕನ ಕೆಲವು ತಿಂಗಳ ಸಂಬಳವಾದರೂ ಹುಟ್ಟೀತು. ಇಲ್ಲವೆ ಒಂದು ತೊಟ್ಟಿ ಆದೀತು.

ತೊಟ್ಟಿಯ ಲೆಕ್ಕ ನೋಡಿ. ನಮ್ಮ ಸೀಮೆಯಲ್ಲಿ ವರುಷಕ್ಕೆ 700 ಮಿಲಿಮೀಟರು ಮಳೆಯೆಂದು ಹಿಡಿಯೋಣ. ಒಂದು ಸಾವಿರ ಚದರ ಮೀಟರಿನ ಛಾವಣಿಯ ಮೇಲೆ ಏಳು ಲಕ್ಷ ಲೀಟರು ನೀರು ಬೀಳುತ್ತದೆ. ಆವಿಯಾಗಿ, ಸೋರಿ ಕಾಲುಭಾಗ ಹೋಯಿತೆಂದರೂ ಐದು ಲಕ್ಷ ಲೀಟರಿಗೆ ಮೋಸವಿಲ್ಲ. ಐದುನೂರು ವಿದ್ಯಾರ್ಥಿಗಳಿಗೆ ತಲೆಗೆ ದಿನಕ್ಕೆ ಹತ್ತು ಲೀಟರಿನಂತೆ ನೂರು ದಿನದ ನೀರು. ಅಷ್ಟನ್ನೂ ಒಂದೇ ತೊಟ್ಟಿಯಲ್ಲಿ ಹಿಡಿದಿಡಲಾಗದು, ನಿಜ. ಮಳೆಗಾಲದಲ್ಲಿ ತುಂಬಿದಂತೆ ಬಳಸಿ, ಹೆಚ್ಚಿನದನ್ನು ಕೊಳವೆಬಾವಿಯ ಬದಿಯ ಇಂಗುಗುಂಡಿಗೆ ಬಿಟ್ಟರೆ ಬೇಸಗೆಗೆ ಆಸರೆಯಾಗುತ್ತದೆ. ಇದಕ್ಕೆ ಪ್ಲಾಟಿನಂ ಬೇಡ. ಕೊಳವೆ ತೊಟ್ಟಿಗೆ ಮುಟ್ಟಬೇಕು, ಅಷ್ಟೆ. ಹೊಸ ವಿಶ್ವವಿದ್ಯಾಲಯಗಳು ಹೊಸ ಕಟ್ಟಡಕ್ಕೆ ಕೈ ಹಾಕುವ ಮೊದಲು ಇದ್ದ ಕಟ್ಟಡವನ್ನು ಸೋರದಂತೆ, ಕಾಯದಂತೆ, ಬೆಳಕಾಡುವಂತೆ ತಿದ್ದಿಕೊಳ್ಳಲಿ. ಕೆಡವದೆ ಉಳಿಸಿಕೊಂಡ ಗೋಡೆಗೆ ಹೊಸ ಸಿಮೆಂಟು ಬೇಡ, ಹೊಸ ಕಬ್ಬಿಣ ಬೇಡ.

ಕೊನೆಗೆ ನನ್ನ ವೃತ್ತಿಯ ಒಂದು ಮಾತು. ಕನ್ನಡದಲ್ಲಿ ‘ಪ್ರಮಾಣ’ವೆಂಬ ಶಬ್ದಕ್ಕೆ ಮೂರು ಅರ್ಥಗಳು ರೂಢಿಯಲ್ಲಿವೆ. ನೀರಿನ ಪ್ರಮಾಣ ಎಂದಾಗ ಅದು ಅಳತೆ. ಪ್ರತ್ಯಕ್ಷ ಪ್ರಮಾಣ ಎಂದಾಗ ಅದು ಸಾಕ್ಷಿ. ಗುಡಿಯ ಮುಂದೆ ನಿಂತು ಪ್ರಮಾಣ ಮಾಡು ಎಂದಾಗ ಅದು ಆಣೆ. ಅಳತೆ, ಸಾಕ್ಷಿ, ಆಣೆ ಮೂರೂ ಕೂಡಿದರೆ ಅದು ಪ್ರಮಾಣಪತ್ರ. ನಾವು ಅಳತೆ ಮಾಡಲಿಲ್ಲ, ಸಾಕ್ಷಿ ಇಡಲಿಲ್ಲ, ಆಣೆಯನ್ನಂತೂ ಸುಳ್ಳಾಡಿದೆವು, ಉಳಿದದ್ದು ಪತ್ರ. ಅದನ್ನು ಚೌಕಟ್ಟು ಹಾಕಿ ತೂಗಿದ್ದೇವೆ, ಹದಿನೆಂಟು ಇಪ್ಪತ್ತು ವಯಸ್ಸಿನ ಮಕ್ಕಳು ದಿನವೂ ಹಾದು ಹೋಗುವ ದಾರಿಯಲ್ಲಿ. ವಿದ್ಯುತ್ತು ಪೋಲಾದರೆ ನಾಳೆ ಉಳಿಸಬಹುದು. ಬರೆದದ್ದೇ ಬೇರೆ, ಇರುವುದೇ ಬೇರೆ, ಇದು ಹೀಗೆಯೇ ನಡೆಯುವುದು ಎಂದು ಒಮ್ಮೆ ಕಲಿತ ಹುಡುಗನಿಗೆ ಆ ಪಾಠವನ್ನು ಮರೆಯಿಸುವ ಪಠ್ಯಪುಸ್ತಕ ನನ್ನಲ್ಲಿಲ್ಲ.

ಆ ಕೊಳವೆಗೊಂದು ತೊಟ್ಟಿ ಕಟ್ಟಿಸಬೇಕೆಂದು ಅರ್ಜಿ ಕೊಟ್ಟಿದ್ದೇನೆ. ನಾನೂ ಕೆಲವು ಗೆಳೆಯರೂ ಕೈಲಾದಷ್ಟು ಹಣ ಕೂಡಿಸಿದ್ದೇವೆ. ಮುಂದಿನ ಮುಂಗಾರಿನೊಳಗೆ ತೊಟ್ಟಿ ಆಗದಿದ್ದರೆ ನಾನು ಬರೆದ ಆ ಎಂಟು ಸಾಲುಗಳನ್ನು ವರದಿಯಿಂದ ತೆಗೆದು ಹಾಕಿರೆಂದು ಲಿಖಿತವಾಗಿಯೇ ಕೇಳುತ್ತೇನೆ. ಆ ಹುಡುಗನಿಗೆ ಕೊಡಬೇಕಾದ ಉತ್ತರ ಇನ್ನೂ ಬಾಕಿ ಇದೆ.